ಕೂತ ಜಾಗದ ಬೆಳಕು: ಕಣ್ಣನ್ನು ಕೇಳಿ ತಿಳಿಯೋಣ

ಪೂರಕ ಪಾಠ: ಕೆಲಸ ಮತ್ತು ಆರೋಗ್ಯ

ಈ ಪಾಠದಿಂದ ನಾವು ಕಲಿಯುವುದು:
• ಬೆಳಕನ್ನು ಯಾವ ಲೆಕ್ಕದಲ್ಲಿ ಅಳೆಯುತ್ತಾರೆ
• ಅಳತೆ ಸರಿಯಿದ್ದರೂ ಕಣ್ಣಿಗೆ ಯಾಕೆ ತೊಂದರೆ ಆಗುತ್ತದೆ
• ಕೆಲಸಗಾರರನ್ನು ಕೇಳಿ ಬೆಳಕಿನ ಸ್ಥಿತಿ ತಿಳಿಯುವ ಕ್ರಮ
• ಉತ್ತರಗಳನ್ನು ಎಣಿಸಿ, ಮನವಿ ಬರೆಯುವ ರೀತಿ



ಕಚೇರಿಯಲ್ಲಿ ಬೆಳಕು ಸಾಕೋ ಸಾಲದೋ ಎಂದು ಯಾರು ಹೇಳಬೇಕು? ವಯರಿಂಗ್ ಮಾಡಿದವರು ಹೇಳಬಹುದು. ಕರೆಂಟಿನ ಬಿಲ್ಲು ಕಟ್ಟುವವರೂ ಹೇಳಬಹುದು. ಆದರೆ ದಿನಕ್ಕೆ ಏಳೆಂಟು ಗಂಟೆ ಅಲ್ಲೇ ಕೂತು ಬರೆಯುವವರನ್ನು ಕೇಳುವುದು ಕಡಿಮೆ. ಕೇಳಿದರೂ ಹೋಗುತ್ತಾ ಬರುತ್ತಾ ಕೇಳುತ್ತಾರೆ. "ಲೈಟ್ ಎಲ್ಲ ಸರಿ ಉಂಟಲ್ಲ?" ಎಂದರೆ "ಉಂಟು ಉಂಟು" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ. ತೊಂದರೆ ಮಾತ್ರ ಮುಗಿಯುವುದಿಲ್ಲ.

ಕೇಳುವುದಕ್ಕೂ ಒಂದು ಕ್ರಮ ಇದೆ. ಅದನ್ನೇ ಈ ಪಾಠದಲ್ಲಿ ನೋಡೋಣ.

1. ಮಾತುಕತೆ

(ಕಾಸರಗೋಡು ಜಿಲ್ಲೆಯ ಒಂದು ಸಹಕಾರಿ ಸಂಘದ ಕಚೇರಿ ಎಂದು ಇಟ್ಟುಕೊಳ್ಳಿ. ಹಳೆಯ ಹಂಚಿನ ಕಟ್ಟಡ. ಒಂಬತ್ತು ಮಂದಿ ಕೆಲಸಗಾರರು. ಆಟಿ ತಿಂಗಳು, ಹೊರಗೆ ಜಡಿಮಳೆ. ಹಗಲು ಹನ್ನೊಂದು ಗಂಟೆಗೇ ಮುಸ್ಸಂಜೆಯ ಹಾಗೆ ಕತ್ತಲೆ. ಲೆಕ್ಕ ಬರೆಯುವ ಅಕ್ಕನಿಗೆ 52 ವರ್ಷ. ಕಾರ್ಯದರ್ಶಿಗಳು ಅವರನ್ನು ಕರೆದಿದ್ದಾರೆ. ಇಬ್ಬರು ಕೂತು ಈ ಮಾತುಕತೆಯನ್ನು ಗಟ್ಟಿಯಾಗಿ ಓದಿ.)

ಕಾರ್ಯದರ್ಶಿ: ಅಕ್ಕಾ, ಇದು ನೋಡಿ. 3,800 ಇರಬೇಕಾದಲ್ಲಿ 8,800 ಅಂತ ಬಿದ್ದಿದೆ. ಈ ತಿಂಗಳಲ್ಲಿ ಇದು ಮೂರನೇ ಸಲ.

ಅಕ್ಕ: ನೋಡಿದೆ ಸರ್. ವೋಚರು ಕಾರ್ಬನ್ ಕಾಪಿ. ಆ ಮೂಲೆಯಲ್ಲಿ ಕೂತರೆ ಮೂರು ಯಾವುದು, ಎಂಟು ಯಾವುದು ಗೊತ್ತೇ ಆಗುದಿಲ್ಲ.

ಕಾರ್ಯದರ್ಶಿ: ಕನ್ನಡಕ ಬದಲಿಸಿ ಅಂತ ಹೇಳಿದ್ದೆನಲ್ಲ?

ಅಕ್ಕ: ಎಪ್ರಿಲಿನಲ್ಲಿ ಬದಲಿಸಿದ್ದೇನೆ. ಮನೆಯ ಜಗಲಿಯಲ್ಲಿ ಕೂತು ಪೇಪರು ಓದ್ತೇನೆ. ಅಲ್ಲಿ ಎಂಥ ತೊಂದರೆಯೂ ಇಲ್ಲ.

ಕಾರ್ಯದರ್ಶಿ: ಇಲ್ಲಿಯೂ ಟ್ಯೂಬು ಉರೀತಾ ಉಂಟಲ್ಲ?

ಅಕ್ಕ: ಉರೀತದೆ. ಆದ್ರೆ ಅದು ಇರುದು ನನ್ನ ಬೆನ್ನ ಹಿಂದೆ. ಬರೀಲಿಕ್ಕೆ ಬಗ್ಗಿದ ಕೂಡ್ಲೇ ನನ್ನ ತಲೆಯ ನೆರಳೇ ಲೆಡ್ಜರಿನ ಮೇಲೆ ಬೀಳ್ತದೆ.

ಕಾರ್ಯದರ್ಶಿ: ಬೇರೆ ಯಾರೂ ನನ್ನ ಹತ್ರ ಹೇಳಲಿಲ್ಲ.

ಅಕ್ಕ: ಯಾರೂ ಕೇಳಲೂ ಇಲ್ಲ ಸರ್.

ಕಾರ್ಯದರ್ಶಿ: (ಸ್ವಲ್ಪ ತಡೆದು) ನಾನು ಮುಚ್ಚಿಡುದಿಲ್ಲ ಅಕ್ಕ. ನಿಮ್ಮನ್ನು ಲೆಕ್ಕದಿಂದ ತೆಗೆದು ಗೋಡೌನಿಗೆ ಹಾಕುವ ಅಂತ ಸಮಿತಿಯವರು ಮಾತಾಡ್ತಿದ್ದಾರೆ. ವಯಸ್ಸಾಯ್ತು, ಕಣ್ಣು ಕಾಣುದಿಲ್ಲ ಅಂತ.

ಅಕ್ಕ: ಇಪ್ಪತ್ತೆರಡು ವರ್ಷ ಲೆಕ್ಕ ಬರೆದಿದ್ದೇನೆ. ಹೋದ ವಾರ ಕೌಂಟರಿನವರು ರಜೆ ಹಾಕಿದಾಗ ಅಲ್ಲಿ ನಾಲ್ಕು ದಿನ ನಾನೇ ಕೂತದ್ದು. ಆ ನಾಲ್ಕು ದಿನದ ಲೆಕ್ಕ ತೆಗೆದು ನೋಡಿ. ಒಂದು ತಪ್ಪು ಉಂಟಾ?

ಕಾರ್ಯದರ್ಶಿ: (ಪುಸ್ತಕ ತಿರುವಿ) ಇಲ್ಲ. ಒಂದೂ ಇಲ್ಲ.

ಅಕ್ಕ: ಕಣ್ಣು ಅದೇ. ಕನ್ನಡಕವೂ ಅದೇ. ಜಾಗ ಬೇರೆ.

ಕಾರ್ಯದರ್ಶಿ: ಹಾಗಾದ್ರೆ ಎಲ್ಲರ ಹತ್ರವೂ ಕೇಳುವ. ಆದ್ರೆ ಹೇಗೆ ಕೇಳುದು?

ಅಕ್ಕ: ನಮ್ಮ ಮುಂದುವರಿಕೆ ಶಿಕ್ಷಣ ಕೇಂದ್ರದ ಪ್ರೇರಕರನ್ನು ಕರೆಯುವ. ಅವರಿಗೆ ಪ್ರಶ್ನೆಪಟ್ಟಿ ಮಾಡ್ಲಿಕ್ಕೆ ಗೊತ್ತುಂಟು.

ಯೋಚಿಸಿ: ಅಕ್ಕ ತನ್ನ ಕಣ್ಣಿನ ಬಗ್ಗೆ ವಾದ ಮಾಡಲಿಲ್ಲ. ಒಂದು ಪುರಾವೆ ತೋರಿಸಿದರು. ಆ ಪುರಾವೆ ಯಾವುದು?

2. ಬೆಳಕಿಗೂ ಒಂದು ಅಳತೆ

ಅಕ್ಕಿಯನ್ನು ಕಿಲೋದಲ್ಲಿ ಅಳೆಯುತ್ತೇವೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಒಂದು ಮೇಜಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದನ್ನು ಲಕ್ಸ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಬಲ್ಬು ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬ ಲೆಕ್ಕ ಬೇರೆ. ಅದಕ್ಕೆ ಲುಮೆನ್ ಎನ್ನುತ್ತಾರೆ. ಬಲ್ಬಿನ ಪೆಟ್ಟಿಗೆಯ ಮೇಲೆ ಲುಮೆನ್ ಬರೆದಿರುತ್ತದೆ, ನೋಡಿ. ವ್ಯಾಟ್ ಎಂದರೆ ಬೆಳಕಿನ ಲೆಕ್ಕ ಅಲ್ಲ, ಕರೆಂಟು ಎಷ್ಟು ಬೇಕು ಎಂಬ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲುಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್.

ಕೆಲವು ಅಂದಾಜು ಲೆಕ್ಕ ನೋಡಿ:
• ಬೇಸಗೆಯ ಮಧ್ಯಾಹ್ನದ ನೇರ ಬಿಸಿಲು: ಸುಮಾರು 1,00,000 ಲಕ್ಸ್
• ಹುಣ್ಣಿಮೆಯ ಬೆಳದಿಂಗಳು: 1 ಲಕ್ಸ್‌ಗಿಂತಲೂ ಕಡಿಮೆ
• ಓದು ಬರಹದ ಕಚೇರಿಗೆ ಬೇಕಾದದ್ದು: 300ರಿಂದ 750 ಲಕ್ಸ್, ಸಾಮಾನ್ಯವಾಗಿ 500

ಕಚೇರಿಯ ಈ ಲೆಕ್ಕ ಭಾರತೀಯ ಮಾನಕ ಬ್ಯೂರೋದ್ದು. ಕಟ್ಟಡದ ಒಳಗಿನ ಬೆಳಕಿನ ಬಗ್ಗೆ ಬ್ಯೂರೋ 1992ರಲ್ಲಿ ಪ್ರಕಟಿಸಿದ ಮಾನಕದಲ್ಲಿ (ಐ.ಎಸ್. 3646, ಮೊದಲ ಭಾಗ) ಇದು ಇದೆ.

ಬೆಳಕು ದೂರ ಹೋದಂತೆ ಬೇಗ ಬಡವಾಗುತ್ತದೆ. ಸಣ್ಣ ಬಲ್ಬಿನಿಂದ 1 ಮೀಟರ್ ದೂರದಲ್ಲಿ 400 ಲಕ್ಸ್ ಇದ್ದರೆ, 2 ಮೀಟರ್ ದೂರದಲ್ಲಿ ಸುಮಾರು 100 ಮಾತ್ರ. ದೂರ ಎರಡು ಪಾಲಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹಳೆಯ ಕಟ್ಟಡದಲ್ಲಿ ಮಾಡು ಎತ್ತರ. ಟ್ಯೂಬನ್ನು ತೊಲೆಗೆ ಕಟ್ಟಿರುತ್ತಾರೆ. ಕೋಣೆಯೆಲ್ಲ ಬೆಳಗಿದಂತೆ ಕಂಡರೂ ಮೇಜಿನ ಮೇಲೆ ಬೀಳುವುದು ಸ್ವಲ್ಪವೇ. ಉದ್ದ ಟ್ಯೂಬಿನ ಬೆಳಕು ಸಣ್ಣ ಬಲ್ಬಿನಷ್ಟು ಬೇಗ ಇಳಿಯುವುದಿಲ್ಲ. ಆದರೂ ಇಳಿಯುತ್ತದೆ.

ಲಕ್ಸ್ ಅಳೆಯಲು ಲಕ್ಸ್ ಮೀಟರ್ ಎಂಬ ಸಣ್ಣ ಯಂತ್ರ ಇದೆ. ಮೊಬೈಲಿನ ಆ್ಯಪ್‌ನಲ್ಲಿಯೂ ಅಳೆಯಬಹುದು. ಆದರೆ ಅದು ಅಂದಾಜು ಮಾತ್ರ. ಯಾವುದರಲ್ಲಿ ಅಳೆದರೂ ಮೇಜಿನ ಮೇಲೆ, ಬರೆಯುವ ಜಾಗದಲ್ಲಿ ಇಟ್ಟು ಅಳೆಯಿರಿ. ಕುರ್ಚಿಯಲ್ಲಿ ಜನ ಕೂತಿರಲಿ. ಕೂತವರ ನೆರಳೂ ಲೆಕ್ಕಕ್ಕೆ ಬರಬೇಕು.

3. ಮೀಟರ್ ಹೇಳದ ಮಾತು

ಮೀಟರ್ 500 ಎಂದು ತೋರಿಸಿತು. ಆದರೂ ಕೂತವರು "ಕಣ್ಣು ಉರೀತದೆ" ಎನ್ನುತ್ತಾರೆ. ಯಾರು ಸರಿ? ಇಬ್ಬರೂ ಸರಿ ಇರಬಹುದು. ಮೀಟರ್ ಹೇಳುವುದು ಬೆಳಕು ಎಷ್ಟು ಎಂದು. ಬೆಳಕು ಎಲ್ಲಿಂದ ಬರುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ, ಅವರು ಏನು ಓದುತ್ತಾರೆ ಎಂದು ಅದು ಹೇಳುವುದಿಲ್ಲ.

ನೆರಳು: ಬೆನ್ನ ಹಿಂದಿನ ದೀಪದಿಂದ ನಮ್ಮ ತಲೆಯ ನೆರಳು ಪುಸ್ತಕದ ಮೇಲೆ ಬೀಳುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬಲಬದಿಯ ದೀಪದಿಂದ ಕೈಯ ನೆರಳು ಪೆನ್ನಿನ ತುದಿಗೆ ಬೀಳುತ್ತದೆ.

ಕುಕ್ಕುವ ಬೆಳಕು: ಬಲ್ಬು ನೇರ ಕಣ್ಣಿಗೆ ಕಂಡರೆ, ಸಂಜೆಯ ಬಿಸಿಲು ಪಶ್ಚಿಮದ ಕಿಟಕಿಯಿಂದ ಮುಖಕ್ಕೆ ಹೊಡೆದರೆ, ಕಣ್ಣು ಕೋರೈಸುತ್ತದೆ. ಇಲ್ಲಿ ಬೆಳಕು ಹೆಚ್ಚಾದದ್ದೇ ತೊಂದರೆ.

ಪ್ರತಿಬಿಂಬ: ಕಂಪ್ಯೂಟರ್ ಪರದೆಯಲ್ಲಿ ಟ್ಯೂಬಿನದೋ ಕಿಟಕಿಯದೋ ಬಿಂಬ ಮೂಡಿದರೆ ಅಕ್ಷರ ಮಸುಕಾಗುತ್ತದೆ. ಅದನ್ನು ತಪ್ಪಿಸಲು ಕುತ್ತಿಗೆ ಓರೆ ಮಾಡಿ ಕೂರುತ್ತೇವೆ. ಸಂಜೆಗೆ ಕುತ್ತಿಗೆ ನೋವು. ನೋವು ಕುತ್ತಿಗೆಯದು, ಕಾರಣ ಬೆಳಕಿನದು.

ಮಿಣುಕು: ಚೋಕು ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ ಇರುವುದರಿಂದ ಹಾಗೆ. ಇದು ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆಲವರಿಗೆ ತಲೆನೋವು ಬರುತ್ತದೆ. ಇಂಗ್ಲೆಂಡಿನಲ್ಲಿ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಇದನ್ನು ಕಚೇರಿಯ ಕೆಲಸಗಾರರಲ್ಲಿಯೇ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಮಿಣುಕದ ಎಲೆಕ್ಟ್ರಾನಿಕ್ ಚೋಕು ಹಾಕಿದ ಮೇಲೆ ತಲೆನೋವು ಮತ್ತು ಕಣ್ಣುನೋವು ಸರಾಸರಿ ಅರ್ಧಕ್ಕಿಂತಲೂ ಕಡಿಮೆಯಾಯಿತು. ಮೀಟರಿನಲ್ಲಿ ಲಕ್ಸ್ ನೋಡಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ.

ವಯಸ್ಸು: ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದು ಕನ್ನಡಕದಿಂದ ಸರಿಯಾಗುತ್ತದೆ. ಆದರೆ ಇನ್ನೊಂದು ಬದಲಾವಣೆ ಇದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿನ ಒಳಗೆ ಹೋಗುವ ಬೆಳಕಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಅರವತ್ತರ ಕಣ್ಣಿನ ಒಳಗೆ ಹೋಗುತ್ತದೆ. ಇದಕ್ಕೆ ಕನ್ನಡಕ ಸಾಲದು, ಬೆಳಕೇ ಬೇಕು. ಒಂದೇ ಮೇಜು, ಒಂದೇ ದೀಪ. ಹುಡುಗನಿಗೆ ಸಾಕಾದದ್ದು ಹಿರಿಯರಿಗೆ ಸಾಲದೆ ಹೋಗಬಹುದು.

ಓದುವ ವಸ್ತು: ದಪ್ಪ ಅಚ್ಚಿನ ಅಕ್ಷರವನ್ನು ಕಡಿಮೆ ಬೆಳಕಿನಲ್ಲಿಯೂ ಓದಬಹುದು. ಮಾಸಿದ ಕಾರ್ಬನ್ ಕಾಪಿ, ಪೆನ್ಸಿಲಿನ ಬರಹ, ತೆಳು ರಬ್ಬರ್ ಸ್ಟಾಂಪು ಹಾಗಲ್ಲ. ನಮ್ಮ ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತದೆ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು. ಕಾಸರಗೋಡಿನ ಗುಮಾಸ್ತರು ಒಂದೇ ದಿನದಲ್ಲಿ ಮಲಯಾಳದ ಅರ್ಜಿ, ಕನ್ನಡದ ಅರ್ಜಿ, ಇಂಗ್ಲಿಷಿನ ಸುತ್ತೋಲೆ ಮೂರನ್ನೂ ಓದುತ್ತಾರೆ. ಕಣ್ಣಿಗೆ ಕೆಲಸ ಜಾಸ್ತಿ.

ಈ ಮಾತು ಹೊಸತಲ್ಲ. 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿಯೇ, ಬೆಳಕು ಸಾಕಷ್ಟು ಇರಬೇಕು, ಅದು ಕಣ್ಣು ಕುಕ್ಕಬಾರದು, ಕಣ್ಣಿಗೆ ಆಯಾಸವಾಗುವ ನೆರಳು ಬೀಳಬಾರದು, ಕಿಟಕಿಯ ಗಾಜು ಶುಚಿಯಾಗಿರಬೇಕು ಎಂದು ಬರೆದಿತ್ತು. ಆ ಕಾಯ್ದೆ ಕಾರ್ಖಾನೆಗಳಿಗೆ ಮಾಡಿದ್ದು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೆಲಸದ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆ ಬಂದಿದೆ. ಕಣ್ಣು ಮಾತ್ರ ಕಾರ್ಖಾನೆಯಲ್ಲಿಯೂ ಕಚೇರಿಯಲ್ಲಿಯೂ ಒಂದೇ.

4. ಕೇಳುವ ಕ್ರಮ

ಮೀಟರ್ ಹೇಳದ್ದನ್ನು ಕೂತವರು ಹೇಳುತ್ತಾರೆ. ಆದರೆ ಸರಿಯಾಗಿ ಕೇಳಬೇಕು.

ಅಮೆರಿಕದ ರೆನ್ಸೆಲೇರ್ ಸಂಸ್ಥೆಯ ಬೆಳಕಿನ ಸಂಶೋಧನಾ ಕೇಂದ್ರದ ನೀಲ್ ಎಕ್ಲಂಡ್ ಮತ್ತು ಪೀಟರ್ ಬಾಯ್ಸ್ ಎಂಬವರು 1996ರಲ್ಲಿ ಕಚೇರಿ ಬೆಳಕಿನ ಒಂದು ಸಮೀಕ್ಷೆಯನ್ನು ಸಿದ್ಧಮಾಡಿದರು. ಅದರ ಗುಣ ಏನೆಂದರೆ, ಅದು ಬಹಳ ಚಿಕ್ಕದು. ಬೆಳಕಿನ ಬಗ್ಗೆ ಸಣ್ಣ ಸಣ್ಣ ಹೇಳಿಕೆಗಳು. ಕೆಲಸಗಾರರು ಪ್ರತಿಯೊಂದಕ್ಕೂ "ಒಪ್ಪುತ್ತೇನೆ" ಅಥವಾ "ಒಪ್ಪುವುದಿಲ್ಲ" ಎಂದು ಗುರುತು ಹಾಕಬೇಕು. ಕೊನೆಗೆ, ಇಂಥದ್ದೇ ಬೇರೆ ಕಚೇರಿಗಳಿಗೆ ಹೋಲಿಸಿದರೆ ಇಲ್ಲಿಯ ಬೆಳಕು ಹೇಗಿದೆ ಎಂಬ ಒಂದು ಪ್ರಶ್ನೆ. ಕೆಲವೇ ನಿಮಿಷದ ಕೆಲಸ. ನಮಗೂ ಇದೇ ದಾರಿ ಸುಲಭ.

ಕೇಳುವಾಗ ಈ ಏಳು ಮಾತು ನೆನಪಿಡಿ.

ಒಂದು: ಉತ್ತರವನ್ನು ನೀವೇ ಬಾಯಿಗೆ ಇಡಬೇಡಿ. "ಬೆಳಕು ಚೆನ್ನಾಗಿದೆ ಅಲ್ವಾ?" ಎಂದು ಕೇಳಿದರೆ "ಹೌದು" ಎನ್ನದೆ ಬೇರೆ ದಾರಿ ಇಲ್ಲ.

ಎರಡು: ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. "ಬೆಳಕು ಕಡಿಮೆಯಾಗಿ ತಲೆ ನೋಯುತ್ತದೆಯೇ?" ಎಂದು ಕೇಳಬೇಡಿ. ಬೆಳಕು ಕಡಿಮೆ ಇದ್ದೂ ತಲೆ ನೋಯದವರು ಏನು ಹೇಳಬೇಕು?

ಮೂರು: ಹೆಸರು ಕೇಳಬೇಡಿ. ಮೇಲಧಿಕಾರಿ ಎದುರು ನಿಂತು ಕೇಳಿದರೆ ನಿಜ ಹೊರಬರುವುದಿಲ್ಲ. ಚೀಟಿ ಮಡಚಿ ಡಬ್ಬಿಗೆ ಹಾಕಲಿ.

ನಾಲ್ಕು: ಹೆಸರು ಬೇಡ, ಆದರೆ ಜಾಗ ಬೇಕು. ಮೇಜಿನ ನಂಬ್ರ ಬರೆಸಿದರೆ ಸಣ್ಣ ಕಚೇರಿಯಲ್ಲಿ ಹೆಸರು ಬರೆಸಿದ ಹಾಗೆಯೇ ಆಯಿತು. ಅದಕ್ಕೆ "ಕಿಟಕಿ ಬದಿ, ನಡು, ಗೋಡೆ ಬದಿ" ಎಂದು ಮೂರು ಭಾಗ ಮಾಡಿ.

ಐದು: ಅವರವರ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ ಬರೆಸಿ. ಚಾ ಕುಡಿಯುವಲ್ಲಿ ಕೂತು ಮೇಜಿನ ಬೆಳಕನ್ನು ನೆನಪು ಮಾಡಿ ಹೇಳುವುದು ಕಷ್ಟ. ಮಾರ್ಚಿನ ಉತ್ತರ ಬೇರೆ, ಜುಲೈಯ ಉತ್ತರ ಬೇರೆ. ಆದ್ದರಿಂದ ತಾರೀಕು ಮತ್ತು ಗಂಟೆ ಬರೆದಿಡಿ.

ಆರು: ಅವರಿಗೆ ಓದಲು ಬರುವ ಭಾಷೆಯಲ್ಲಿ ಕೊಡಿ. ಕನ್ನಡದವರಿಗೆ ಕನ್ನಡ, ಮಲಯಾಳದವರಿಗೆ ಮಲಯಾಳ. ಗುಡಿಸುವವರು, ರಾತ್ರಿಯ ಕಾವಲುಗಾರರು, ಚಾ ತಂದುಕೊಡುವವರು, ಇವರನ್ನೂ ಬಿಡಬೇಡಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಹೇಳಿದ್ದನ್ನೇ ಬರೆಯಿರಿ.

ಏಳು: "ಅಭ್ಯಾಸ ಆಗಿದೆ" ಎಂಬ ಉತ್ತರಕ್ಕೆ ನಿಲ್ಲಬೇಡಿ. ಜನ ಏನು ಮಾಡುತ್ತಾರೆ ಎಂದು ಕೇಳಿ. "ಕಾಗದವನ್ನು ಎತ್ತಿ ಬೆಳಕಿಗೆ ಹಿಡಿಯುತ್ತೀರಾ?" "ಮೊಬೈಲಿನ ಟಾರ್ಚು ಹಾಕಿ ಓದುವುದುಂಟಾ?" ಬಾಯಿ ಸಾಕು ಎಂದರೂ ಕೈ ಸಾಲದು ಎನ್ನುತ್ತಿರುತ್ತದೆ.

5. ಪ್ರಶ್ನೆಪಟ್ಟಿ

(ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಳಸಿ. ಪ್ರತಿ ಸಾಲಿಗೆ ಹೌದು / ಇಲ್ಲ ಎಂದು ಗುರುತು ಹಾಕಬೇಕು.)

ತಾರೀಕು: ______ ಗಂಟೆ: ______ ಹೊರಗೆ: ಬಿಸಿಲು / ಮೋಡ / ಮಳೆ
ನಾನು ಕೂರುವುದು: ಕಿಟಕಿ ಬದಿ / ನಡು / ಗೋಡೆ ಬದಿ

1. ಒಟ್ಟಿನಲ್ಲಿ ನನ್ನ ಜಾಗದ ಬೆಳಕು ಹಿತವಾಗಿದೆ.
2. ನನ್ನ ಕೆಲಸಕ್ಕೆ ಇಲ್ಲಿಯ ಬೆಳಕು ಸಾಲದು.
3. ದೀಪವೋ ಬಿಸಿಲೋ ನನ್ನ ಕಣ್ಣಿಗೆ ಕುಕ್ಕುತ್ತದೆ.
4. ಬರೆಯುವಾಗ ಪುಸ್ತಕದ ಮೇಲೆ ನೆರಳು ಬೀಳುತ್ತದೆ.
5. ಕಂಪ್ಯೂಟರ್ ಪರದೆಯಲ್ಲಿ ದೀಪದ ಅಥವಾ ಕಿಟಕಿಯ ಬಿಂಬ ಕಾಣುತ್ತದೆ.
6. ಇಲ್ಲಿಯ ದೀಪ ಮಿಣುಕುತ್ತದೆ.
7. ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದು ಓದುವುದುಂಟು.
8. ಕೆಲಸ ಮುಗಿಯುವ ಹೊತ್ತಿಗೆ ಕಣ್ಣು ಉರಿ ಅಥವಾ ತಲೆನೋವು ಬರುವುದುಂಟು.
9. ರಜೆಯ ದಿನ ಮನೆಯಲ್ಲಿಯೂ ಕಣ್ಣು ಉರಿ ಅಥವಾ ತಲೆನೋವು ಬರುತ್ತದೆ.

ಇನ್ನೇನಾದರೂ ಹೇಳಲಿಕ್ಕಿದ್ದರೆ: ______________

ಒಂಬತ್ತನೆಯ ಸಾಲು ಯಾಕೆ? ಎಂಟಕ್ಕೆ "ಹೌದು", ಒಂಬತ್ತಕ್ಕೆ "ಇಲ್ಲ" ಎಂದರೆ ಕಚೇರಿಯ ಕಡೆ ನೋಡಬೇಕು. ಎರಡಕ್ಕೂ "ಹೌದು" ಎಂದರೆ ಕಣ್ಣಿನ ಡಾಕ್ಟರನ್ನೂ ನೋಡಬೇಕು. ಎಲ್ಲ ತೊಂದರೆಗೂ ಬೆಳಕೇ ಕಾರಣ ಅಲ್ಲ. ಪೊರೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕನ್ನಡಕದ ನಂಬ್ರ ಬದಲಾಗಿರಬಹುದು.

6. ಎಣಿಸೋಣ

ನಮ್ಮ ಮಾತುಕತೆಯ ಕಚೇರಿಗೆ ಹೋಗೋಣ. ಪ್ರೇರಕರು ಒಂದು ಮೋಡದ ದಿನ ಒಂಬತ್ತು ಚೀಟಿ ತುಂಬಿಸಿದರು ಎಂದು ಇಟ್ಟುಕೊಳ್ಳಿ. ಪ್ರತಿ ಭಾಗದಲ್ಲಿ ಮೂವರು. "ಹೌದು" ಎಂದವರ ಲೆಕ್ಕ ಕೆಳಗಿದೆ. (ಇದು ಅಭ್ಯಾಸಕ್ಕಾಗಿ ಮಾಡಿದ ಲೆಕ್ಕ.)

• ಬೆಳಕು ಹಿತವಾಗಿದೆ: ಕಿಟಕಿ ಬದಿ 2, ನಡು 3, ಗೋಡೆ ಬದಿ 0. ಒಟ್ಟು 5
• ಬೆಳಕು ಸಾಲದು: ಕಿಟಕಿ ಬದಿ 0, ನಡು 0, ಗೋಡೆ ಬದಿ 3. ಒಟ್ಟು 3
• ಕಣ್ಣಿಗೆ ಕುಕ್ಕುತ್ತದೆ: ಕಿಟಕಿ ಬದಿ 2, ನಡು 0, ಗೋಡೆ ಬದಿ 0. ಒಟ್ಟು 2
• ನೆರಳು ಬೀಳುತ್ತದೆ: ಕಿಟಕಿ ಬದಿ 0, ನಡು 1, ಗೋಡೆ ಬದಿ 3. ಒಟ್ಟು 4

ಅವಸರದಲ್ಲಿ ಒಟ್ಟು ಲೆಕ್ಕ ಮಾತ್ರ ನೋಡಿದರೆ ಏನು ಹೇಳುತ್ತೇವೆ? "ಒಂಬತ್ತರಲ್ಲಿ ಐವರು ಹಿತ ಅಂದಿದ್ದಾರೆ. ಹೆಚ್ಚಿನವರಿಗೆ ತೊಂದರೆ ಇಲ್ಲ. ಬೆಳಕು ಸರಿ ಉಂಟು."

ಜಾಗ ನೋಡಿ ಎಣಿಸಿದರೆ ಬೇರೆಯೇ ಕಾಣುತ್ತದೆ. ಗೋಡೆ ಬದಿಯ ಮೂವರೂ ಸಾಲದು ಎಂದಿದ್ದಾರೆ. ಮೂವರೂ ನೆರಳು ಎಂದಿದ್ದಾರೆ. ಅಲ್ಲಿ 52 ವರ್ಷದ ಅಕ್ಕ ಮಾತ್ರ ಅಲ್ಲ, 26 ವರ್ಷದ ಹುಡುಗನೂ ಕೂರುತ್ತಾನೆ. ಹಾಗಾದರೆ ಇದು ವಯಸ್ಸಿನ ತೊಂದರೆ ಮಾತ್ರ ಅಲ್ಲ. ಗೋಡೆ ಬದಿಯ ತೊಂದರೆ. ವಯಸ್ಸಾದವರಿಗೆ ಅದು ಬೇಗ ತಾಗಿತು, ಅಷ್ಟೇ. ಹುಡುಗನೂ ಕಾಗದ ಎತ್ತಿ ಹಿಡಿದೇ ಓದುತ್ತಿದ್ದ, ಆದರೆ ಯಾರೊಡನೆಯೂ ಹೇಳಿರಲಿಲ್ಲ.

ಇನ್ನೊಂದು ಮಾತು. ಅದೇ ಕೋಣೆಯಲ್ಲಿ ಕಿಟಕಿ ಬದಿಯವರಿಗೆ ಬೆಳಕು ಹೆಚ್ಚು. "ಇನ್ನೆರಡು ಟ್ಯೂಬು ಹಾಕಿ" ಎಂದು ಇಡೀ ಕೋಣೆಗೆ ಒಂದೇ ಮದ್ದು ಮಾಡಿದರೆ ಗೋಡೆಯವರಿಗೆ ಗುಣ, ಕಿಟಕಿಯವರಿಗೆ ಏನೂ ಗುಣವಿಲ್ಲ. ಸರಾಸರಿ ಎಂಬ ಮೇಜಿನಲ್ಲಿ ಯಾರೂ ಕೂರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮೇಜಿನಲ್ಲಿಯೇ ಕೂರುತ್ತಾರೆ.

ಅಕ್ಕನನ್ನು ಗೋಡೌನಿಗೆ ಹಾಕಿದ್ದರೆ ಏನಾಗುತ್ತಿತ್ತು? ಆ ಮೂಲೆಗೆ ಇನ್ನೊಬ್ಬರು ಬರುತ್ತಿದ್ದರು. ಸ್ವಲ್ಪ ದಿನದಲ್ಲಿ ಅವರ ಲೆಡ್ಜರಿನಲ್ಲಿಯೂ 3 ಹೋಗಿ 8 ಬರುತ್ತಿತ್ತು.

7. ದೂರದ ಕಾರ್ಖಾನೆಯ ಒಂದು ಪಾಠ

"ಕೇಳುವುದು ಯಾಕೆ? ಬೆಳಕು ಹೆಚ್ಚು ಮಾಡಿ, ಕೆಲಸ ಹೆಚ್ಚಾಯಿತಾ ನೋಡಿದರೆ ಸಾಲದೇ?" ಎಂದು ಕೆಲವರು ಹೇಳಬಹುದು. ಹಾಗೆ ಮಾಡಿ ನೋಡಿದವರೂ ಇದ್ದಾರೆ.

ಅಮೆರಿಕದ ಷಿಕಾಗೋ ನಗರದ ಬಳಿ ಹಾಥಾರ್ನ್ ಎಂಬ ದೊಡ್ಡ ಟೆಲಿಫೋನ್ ಸಲಕರಣೆಯ ಕಾರ್ಖಾನೆ ಇತ್ತು. ಅಲ್ಲಿ 1924ರಿಂದ 1927ರವರೆಗೆ ಬೆಳಕಿನ ಪ್ರಯೋಗ ನಡೆಯಿತು. ಬೆಳಕು ಹೆಚ್ಚು ಮಾಡಿದರು, ಕೆಲಸ ಹೆಚ್ಚಾಯಿತು. ಬೆಳಕು ಹೆಚ್ಚು ಮಾಡದ ಗುಂಪಿನಲ್ಲಿಯೂ ಕೆಲಸ ಹೆಚ್ಚಾಯಿತು. ಒಂದು ಪ್ರಯೋಗದಲ್ಲಿ ಇಬ್ಬರು ಹೆಂಗಸರು ಬೆಳದಿಂಗಳಿನಷ್ಟೇ ಬೆಳಕು ಉಳಿಯುವವರೆಗೂ ಕೆಲಸ ಕುಗ್ಗಿಸಲಿಲ್ಲ.

ಯಾಕೆ ಹೀಗೆ? ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ಗೊತ್ತಾದರೆ ಜನ ಬೇರೆ ರೀತಿ ಕೆಲಸ ಮಾಡುತ್ತಾರೆ ಎಂದು ಪುಸ್ತಕಗಳು ಹೇಳಿದವು. ಅದಕ್ಕೆ ಹಾಥಾರ್ನ್ ಪರಿಣಾಮ ಎಂಬ ಹೆಸರೂ ಬಂತು. ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಆ ಹಳೆಯ ಲೆಕ್ಕವನ್ನು ಹುಡುಕಿ ತೆಗೆದು ಮತ್ತೆ ಎಣಿಸಿ 2011ರಲ್ಲಿ ಪ್ರಕಟಿಸಿದರು. ಪರಿಣಾಮ ಪುಸ್ತಕದಲ್ಲಿ ಹೇಳುವಷ್ಟು ಸ್ಪಷ್ಟವಾಗಿರಲಿಲ್ಲ ಎಂದು ಅವರಿಗೆ ಕಂಡಿತು.

ನಮಗೆ ಇದರಲ್ಲಿ ಎರಡು ಪಾಠ ಇದೆ. ಒಂದು, ಕೆಲಸ ನಡೆಯುತ್ತಿದೆ ಎಂದ ಮಾತ್ರಕ್ಕೆ ಬೆಳಕು ಸಾಕು ಎಂದು ಹೇಳಲಾಗದು. ಜನ ಕಣ್ಣು ನೋಯಿಸಿಕೊಂಡಾದರೂ ಕೆಲಸ ಮುಗಿಸುತ್ತಾರೆ. ಎರಡು, ಬದಲಾವಣೆ ಮಾಡಿದ ಮರುದಿನವೇ ಕೇಳಬೇಡಿ. ಹೊಸ ದೀಪ ಬಂದ ಖುಷಿಯಲ್ಲಿ ಎಲ್ಲರೂ "ಚೆನ್ನಾಗುಂಟು" ಎನ್ನುತ್ತಾರೆ. ಒಂದೆರಡು ತಿಂಗಳು ಬಿಟ್ಟು, ಅದೇ ಪಟ್ಟಿಯನ್ನು ಅದೇ ಹೊತ್ತಿನಲ್ಲಿ ಮತ್ತೆ ತುಂಬಿಸಿ.

8. ಖರ್ಚು ಕಡಿಮೆ, ಗುಣ ಹೆಚ್ಚು

ಎಲ್ಲದಕ್ಕೂ ಹೊಸ ವಯರಿಂಗ್ ಬೇಡ. ಮೊದಲು ಇವುಗಳನ್ನು ಮಾಡಿ ನೋಡಿ.

• ಟ್ಯೂಬು, ಬಲ್ಬು, ಕಿಟಕಿಯ ಗಾಜು ಒರೆಸಿ. ಧೂಳು ಬೆಳಕು ತಿನ್ನುತ್ತದೆ. ದೀಪ ಒರೆಸುವ ಮುಂಚೆ ಸ್ವಿಚ್ ಆಫ್ ಮಾಡಿ, ಆರಲು ಬಿಡಿ.
• ಮೇಜು ತಿರುಗಿಸಿ. ಬಲಗೈಯವರಿಗೆ ಬೆಳಕು ಎಡದಿಂದ ಬರಲಿ, ಎಡಗೈಯವರಿಗೆ ಬಲದಿಂದ.
• ಕಂಪ್ಯೂಟರನ್ನು ಕಿಟಕಿಗೆ ಎದುರಾಗಿಯೂ ಬೆನ್ನಾಗಿಯೂ ಇಡಬೇಡಿ. ಕಿಟಕಿ ಪಕ್ಕಕ್ಕೆ ಬರಲಿ.
• ಪಶ್ಚಿಮದ ಕಿಟಕಿಗೆ ತೆಳು ಬಣ್ಣದ ಪರದೆ ಹಾಕಿ. ಬಿಸಿಲು ಹೋದ ಮೇಲೆ ಸರಿಸಿ.
• ಗೋಡೆಗೆ ಬಿಳಿ ಸುಣ್ಣ ಬಳಿಯಿರಿ. ಬಿಳಿ ಗೋಡೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಕೋಣೆಗೇ ಹಿಂದೆ ಕೊಡುತ್ತದೆ. ಮಾಸಿದ ಕಡುಬಣ್ಣದ ಗೋಡೆ ಬೆಳಕನ್ನು ನುಂಗುತ್ತದೆ.
• ಹಂಚಿನ ಮಾಡಿಗೆ ಕತ್ತಲೆ ಮೂಲೆಯ ಮೇಲೆ ಒಂದೆರಡು ಗಾಜಿನ ಹಂಚು ಹಾಕಿಸಿ. ಹಗಲಿನಲ್ಲಿ ಖರ್ಚಿಲ್ಲದ ಬೆಳಕು. ಪಾಚಿ ಕಟ್ಟಿದರೆ ಮಳೆಗಾಲದ ಮೊದಲು ತೊಳೆಸಿ.
• ಹಿರಿಯರಿಗೆ, ಕಾರ್ಬನ್ ಕಾಪಿ ಓದುವವರಿಗೆ ಒಂದು ಮೇಜಿನ ದೀಪ ಕೊಡಿ. ಇಡೀ ಕೋಣೆಯ ಬೆಳಕು ಹೆಚ್ಚಿಸುವುದಕ್ಕಿಂತ ಇದು ಅಗ್ಗ. ಬಲ್ಬು ಕಣ್ಣಿಗೆ ಕಾಣದಂತೆ ಮುಚ್ಚಳ ಇರಲಿ.
• ಮಿಣುಕುವ ಹಳೆಯ ಟ್ಯೂಬು ತೆಗೆದು ಒಳ್ಳೆಯ ಎಲ್‌ಇಡಿ ಹಾಕಿ. ಅಗ್ಗದ ಕೆಲವು ಎಲ್‌ಇಡಿ ಕೂಡ ಮಿಣುಕುತ್ತದೆ. ಒಂದು ತಂದು ಪರೀಕ್ಷಿಸಿ, ಆಮೇಲೆ ಉಳಿದದ್ದು ತನ್ನಿ.

9. ಮನವಿ ಬರೆಯೋಣ

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟದ್ದು ಕಡತದಲ್ಲಿ ಉಳಿಯುತ್ತದೆ. ಮಾದರಿ ನೋಡಿ.

ತಾರೀಕು: ______
ಕಾರ್ಯದರ್ಶಿಯವರಿಗೆ,
______ ಸಂಘ

ಮಾನ್ಯರೇ,

ವಿಷಯ: ಗೋಡೆ ಬದಿಯ ಮೇಜುಗಳ ಬೆಳಕಿನ ಬಗ್ಗೆ

______ ತಾರೀಕಿನಂದು ಬೆಳಗ್ಗೆ 11 ಗಂಟೆಗೆ ನಮ್ಮ ಕಚೇರಿಯ 9 ಮಂದಿಯಿಂದ ಬೆಳಕಿನ ಬಗ್ಗೆ ಪ್ರಶ್ನೆಪಟ್ಟಿ ತುಂಬಿಸಲಾಯಿತು. ಗೋಡೆ ಬದಿಯ 3 ಮಂದಿಯೂ ಬೆಳಕು ಸಾಲದು, ಪುಸ್ತಕದ ಮೇಲೆ ನೆರಳು ಬೀಳುತ್ತದೆ ಎಂದು ತಿಳಿಸಿದ್ದಾರೆ. ಕಿಟಕಿ ಬದಿಯ 2 ಮಂದಿ ಬೆಳಕು ಕಣ್ಣಿಗೆ ಕುಕ್ಕುತ್ತದೆ ಎಂದಿದ್ದಾರೆ. ಆದ್ದರಿಂದ ಗೋಡೆ ಬದಿಯ ಮೇಜುಗಳನ್ನು ತಿರುಗಿಸಿ, ಮಾಡಿಗೆ 2 ಗಾಜಿನ ಹಂಚು ಹಾಗೂ 3 ಮೇಜಿನ ದೀಪ ಒದಗಿಸಬೇಕಾಗಿಯೂ, ಕಿಟಕಿಗೆ ಪರದೆ ಹಾಕಿಸಬೇಕಾಗಿಯೂ ಕೋರುತ್ತೇವೆ. ಎರಡು ತಿಂಗಳ ನಂತರ ಮತ್ತೆ ಪ್ರಶ್ನೆಪಟ್ಟಿ ತುಂಬಿಸಿ ಫಲವನ್ನು ತಮಗೆ ತಿಳಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕಚೇರಿಯ ಕೆಲಸಗಾರರು

ಈ ಮನವಿಯಲ್ಲಿ ಯಾರ ಮೇಲೂ ದೂರು ಇಲ್ಲ. ಯಾರ ಹೆಸರೂ ಇಲ್ಲ. ಎಷ್ಟು ಮಂದಿ, ಎಲ್ಲಿ, ಏನು ತೊಂದರೆ, ಏನು ಮಾಡಬೇಕು, ಇಷ್ಟೇ ಇದೆ. ಇಂಥ ಕಾಗದವನ್ನು ತಳ್ಳಿಹಾಕುವುದು ಕಷ್ಟ.

ಹೊಸ ಪದಗಳು

ಲಕ್ಸ್: ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ
ಲುಮೆನ್: ದೀಪ ಕೊಡುವ ಒಟ್ಟು ಬೆಳಕಿನ ಅಳತೆ
ಕೋರೈಸು: ಹೆಚ್ಚು ಬೆಳಕಿನಿಂದ ಕಣ್ಣಿಗೆ ಕುಕ್ಕಿದಂತಾಗು
ಚಾಳೀಸು: ನಲವತ್ತರ ಮೇಲೆ ಹತ್ತಿರದ್ದು ಮಸುಕಾಗಿ ಕಾಣುವುದು
ಸಮೀಕ್ಷೆ: ಹಲವರನ್ನು ಕೇಳಿ, ನೋಡಿ, ವಿಷಯ ತಿಳಿಯುವುದು
ಸರಾಸರಿ: ಎಲ್ಲ ಕೂಡಿಸಿ ಸಮನಾಗಿ ಹಂಚಿದಾಗ ಬರುವ ಲೆಕ್ಕ

ಅಭ್ಯಾಸ

ಅ) ಬಿಟ್ಟ ಜಾಗ ತುಂಬಿಸಿ.
1. ಮೇಜಿನ ಮೇಲೆ ಬೀಳುವ ಬೆಳಕನ್ನು ______ ಲೆಕ್ಕದಲ್ಲಿ ಅಳೆಯುತ್ತಾರೆ.
2. ಸಣ್ಣ ಬಲ್ಬಿನಿಂದ ದೂರ ಎರಡು ಪಾಲಾದರೆ ಬೆಳಕು ______ ಭಾಗಕ್ಕೆ ಇಳಿಯುತ್ತದೆ.
3. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ______ ಬದಿಯಿಂದ ಬರಬೇಕು.

ಆ) ಈ ಪ್ರಶ್ನೆಗಳಲ್ಲಿ ಏನು ದೋಷ ಇದೆ? ಸರಿಪಡಿಸಿ ಬರೆಯಿರಿ.
1. ಹೊಸ ದೀಪ ಬಹಳ ಚೆನ್ನಾಗಿದೆ ಅಲ್ಲವೇ?
2. ಬೆಳಕು ಮತ್ತು ಗಾಳಿ ಸಾಕಷ್ಟು ಇದೆಯೇ?
3. ನಿಮ್ಮ ಹೆಸರೇನು, ನಿಮಗೆ ಕಣ್ಣು ಕಾಣುವುದಿಲ್ಲವೇ?

ಇ) ಲೆಕ್ಕ ಮಾಡಿ.
ಒಂದು ಕಚೇರಿಯಲ್ಲಿ 12 ಮಂದಿ ಇದ್ದಾರೆ. 8 ಮಂದಿ ಬೆಳಕು ಸಾಕು ಎಂದರು, 4 ಮಂದಿ ಸಾಲದು ಎಂದರು. ಆ ನಾಲ್ವರೂ ಮೆಟ್ಟಿಲಿನ ಕೆಳಗಿನ ಮೇಜುಗಳಲ್ಲಿ ಕೂರುವವರು. ಮೆಟ್ಟಿಲಿನ ಕೆಳಗೆ ಕೂರುವವರು ಒಟ್ಟು ನಾಲ್ವರೇ. ಇಡೀ ಕಚೇರಿಯಲ್ಲಿ ಎಷ್ಟು ಪಾಲು ಜನರಿಗೆ ತೊಂದರೆ? ಮೆಟ್ಟಿಲಿನ ಕೆಳಗೆ ಎಷ್ಟು ಪಾಲು ಜನರಿಗೆ ತೊಂದರೆ? ಯಾವ ಲೆಕ್ಕ ನೋಡಿ ತೀರ್ಮಾನ ಮಾಡಬೇಕು?

ಈ) ಗುಂಪು ಚಟುವಟಿಕೆ.
ನಾಲ್ಕು ಮಂದಿಯ ಗುಂಪು ಮಾಡಿ. ನಿಮ್ಮ ಊರಿನ ಪಂಚಾಯತ್ ಕಚೇರಿ, ಹಾಲಿನ ಸೊಸೈಟಿ, ಅಕ್ಷಯ ಕೇಂದ್ರ, ಕುಟುಂಬಶ್ರೀಯ ಹೊಲಿಗೆ ಕೇಂದ್ರ, ಬೀಡಿ ಕಟ್ಟುವ ಮನೆ, ಇವುಗಳಲ್ಲಿ ಒಂದನ್ನು ಆರಿಸಿ. ಮೊದಲು ಅಲ್ಲಿಯವರ ಒಪ್ಪಿಗೆ ಕೇಳಿ. ಪ್ರಶ್ನೆಪಟ್ಟಿಯನ್ನು ಅಲ್ಲಿಯ ಕೆಲಸಕ್ಕೆ ಹೊಂದುವಂತೆ ಬದಲಿಸಿ. ಬೀಡಿ ಕಟ್ಟುವವರಿಗೆ ಕಂಪ್ಯೂಟರಿನ ಸಾಲು ಬೇಡ, ಎಲೆ ಕತ್ತರಿಸುವಾಗ ಕೈಯ ಮೇಲೆ ನೆರಳು ಬೀಳುತ್ತದೆಯೇ ಎಂಬ ಸಾಲು ಬೇಕು. ಉತ್ತರಗಳನ್ನು ಜಾಗ ನೋಡಿ ಎಣಿಸಿ. ಫಲವನ್ನು ಮೊದಲು ಉತ್ತರ ಕೊಟ್ಟವರಿಗೇ ಓದಿ ಹೇಳಿ.

ಉ) ಓದಿ, ಚರ್ಚಿಸಿ.
ನಿಮ್ಮ ಮನೆಯಲ್ಲಿ ಮಕ್ಕಳು ಓದುವ ಜಾಗ ಯಾವುದು? ಅಡಿಗೆ ಮಾಡುವವರು ಅಕ್ಕಿಯ ಕಲ್ಲು ಆರಿಸುವ ಜಾಗ ಯಾವುದು? ಅಲ್ಲಿಯ ಬೆಳಕು ಹೇಗಿದೆ ಎಂದು ಅವರನ್ನು ಇದುವರೆಗೆ ಯಾರಾದರೂ ಕೇಳಿದ್ದಾರೆಯೇ? ಇವತ್ತು ಕೇಳಿ, ಅವರು ಹೇಳಿದ್ದನ್ನು ಐದು ವಾಕ್ಯದಲ್ಲಿ ಬರೆದು ತನ್ನಿ.